ಮರಳಿಲಿಗಳ ನಾಡು

“ಇಲಿ ಬಿದ್ದಿತು” ಎಂಬ ಎರಡು ಮಾತುಗಳಿಗೆ ಒಂದು ಕಾಲದಲ್ಲಿ ನಮ್ಮ ಊರುಗಳಲ್ಲಿ ಇದ್ದ ಅರ್ಥವನ್ನು ಇಂದಿನ ಮಕ್ಕಳಿಗೆ ಬಿಡಿಸಿ ಹೇಳಬೇಕಾಗುವುದು. ಅಟ್ಟದ ಮೇಲಣ ಇಲಿಯೊಂದು ಬೆಕ್ಕಿನ ಕಾಟವಿಲ್ಲದೆ, ಪಾಷಾಣದ ಸೋಂಕಿಲ್ಲದೆ, ತಾನಾಗಿಯೇ ನಡುಮನೆಗೆ ಉರುಳಿಬಿದ್ದು ಸತ್ತಿತೆಂದರೆ, ಆ ಮನೆಯವರು ಒಲೆಯ ಮೇಲಣ ಅನ್ನವನ್ನೂ ನೋಡದೆ ಮಕ್ಕಳುಮರಿಗಳನ್ನು ಕರೆದುಕೊಂಡು ಊರ ಹೊರಗಣ ತೋಪಿಗೆ ಹೊರಟುಬಿಡುತ್ತಿದ್ದರು. ಅಲ್ಲಿ ಸೋಗೆಯ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇದ್ದು, ಊರಿನಲ್ಲಿ ಇಲಿ ಬೀಳುವುದು ನಿಂತಿತೆಂದು ತಿಳಿದ ಮೇಲೆಯೇ ಹಿಂದಿರುಗುತ್ತಿದ್ದರು. 1896ರಲ್ಲಿ ಮುಂಬಯಿಯನ್ನು ಹೊಕ್ಕ ಪ್ಲೇಗು 1898ರಲ್ಲಿ ರೈಲಿನ ದಾರಿ ಹಿಡಿದು ಹುಬ್ಬಳ್ಳಿಗೂ ಬೆಂಗಳೂರಿಗೂ ಬಂದಿತು. ಬೆಂಗಳೂರಿನಲ್ಲಿ ಪ್ಲೇಗಮ್ಮನ ಹೆಸರಿನ ಗುಡಿಗಳು ಇಂದಿಗೂ ಉಂಟು.

ಆ ಕಾಲದ ಮಾತನ್ನು ಹಿರಿಯರ ಬಾಯಿಂದ ಕೇಳಿದವರಿಗೆ ಒಂದು ಸಂದೇಹ ಬಾರದಿರದು. ಊರನ್ನು ಬಿಟ್ಟ ಮೇಲೆ ಆ ಮಾರಿ ಎಲ್ಲಿಗೆ ಹೋಗುತ್ತಿತ್ತು? ರೋಗಾಣುವನ್ನು 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಎಂಬ ವೈದ್ಯನು ಕಂಡುಹಿಡಿದನು. ಅದನ್ನು ಇಲಿಯಿಂದ ಇಲಿಗೂ ಮನುಷ್ಯನಿಗೂ ದಾಟಿಸುವುದು ಚಿಗಟವೆಂದು 1898ರಲ್ಲಿ ಕರಾಚಿಯಲ್ಲಿ ಸಿಮೋಂದ್ ಎಂಬ ಫ್ರೆಂಚ್ ವೈದ್ಯನು ಪ್ರಯೋಗ ಮಾಡಿ ತೋರಿಸಿದನು. ಆದರೆ ಊರಿನ ಇಲಿಯು ಈ ರೋಗಕ್ಕೆ ಒಣ ಹುಲ್ಲಿನ ಬಣವೆಯಿದ್ದಂತೆ. ಬೆಂಕಿ ಬಿದ್ದೊಡನೆ ಉರಿದು ಬೂದಿಯಾಗುವುದು. ಬೂದಿಯಲ್ಲಿ ಬೆಂಕಿ ಉಳಿಯದು. ಶತಮಾನಗಟ್ಟಲೆ ಉಳಿಯಬೇಕಾದರೆ ಅದಕ್ಕೆ ಬೇರೊಂದು ತವರು ಬೇಕು. ಆ ತವರು ಇರುವುದು ಮನೆಯ ಇಲಿಗಳಲ್ಲಲ್ಲ. ಮನುಷ್ಯನ ಗೊಡವೆಗೆ ಬಾರದೆ ಬಯಲಿನಲ್ಲಿಯೂ ಬೆಟ್ಟದಲ್ಲಿಯೂ ಬಿಲ ತೋಡಿಕೊಂಡಿರುವ ಕಾಡು ದಂಶಕಗಳಲ್ಲಿ. ಅಂತಹ ತವರುಗಳಲ್ಲಿ ಬಹಳ ಚೆನ್ನಾಗಿ ಪರೀಕ್ಷಿಸಲ್ಪಟ್ಟದ್ದು ಕಜಕಿಸ್ತಾನದ ಬಲ್ಖಾಷ್ ಸರೋವರದ ತೆಂಕಣ ಮರಳುಗಾಡು. ವಾಚಕರನ್ನು ಅಲ್ಲಿಗೆ ಕರೆದೊಯ್ಯುವುದು ಈ ಲೇಖನದ ಉದ್ದೇಶ.

ಕಜಕಿಸ್ತಾನದ ಹಳೆಯ ರಾಜಧಾನಿಯಾದ ಆಲ್ಮಾಟಿಯು ಹಿಮದ ಬೆಟ್ಟಗಳ ಬುಡದಲ್ಲಿರುವ ಊರು. ಅಲ್ಲಿಂದ ಉತ್ತರಕ್ಕೆ ಮುಖಮಾಡಿ ಹೊರಟವನಿಗೆ ತೋಟಗಳೂ ಸಾಲುಮರಗಳೂ ಬೇಗನೆ ಹಿಂದಾಗಿ, ನೆಲವು ಬೋಳಾಗುತ್ತ ಬರುವುದು. ಎಪ್ಪತ್ತು ಕಿಲೋಮೀಟರು ಕಳೆಯುವಷ್ಟರಲ್ಲಿ ಇಲಿ ನದಿಯು ಸಿಕ್ಕುವುದು. ಹೆಸರನ್ನು ಕೇಳಿ ನಗಬೇಡಿರಿ. ನಮ್ಮ ಕನ್ನಡದ ಇಲಿಗೂ ಈ ನದಿಗೂ ಯಾವ ಸಂಬಂಧವೂ ಇಲ್ಲ, ಇದು ಆ ನಾಡಿನ ಮಾತು. ಚೀನಾ ದೇಶದ ತಿಯೆನ್ ಶಾನ್ ಪರ್ವತಗಳಲ್ಲಿ ಹುಟ್ಟಿ, ಪಡುವಲಿಗೆ ಹರಿದು, ಬಡಗಲಿಗೆ ತಿರುಗಿ, ಮರಳುಗಾಡನ್ನು ಸೀಳಿಕೊಂಡು ಬಲ್ಖಾಷ್ ಸರೋವರವನ್ನು ಸೇರುವ ಹೊಳೆ. ಇದರ ದಡದ ಬಂಡೆಗಳ ಮೇಲೆ ಒಂದು ಕಡೆ ಬುದ್ಧನ ಮತ್ತು ಅವಲೋಕಿತೇಶ್ವರನ ಆಕೃತಿಗಳನ್ನು ಕೊರೆದು ಟಿಬೆಟಿನ ಲಿಪಿಯಲ್ಲಿ ಬರೆದಿದ್ದಾರೆ. ಮನೆಯಿಂದ ಅಷ್ಟು ದೂರದಲ್ಲಿ ಪದ್ಮಾಸನ ಹಾಕಿ ಕುಳಿತ ಪರಿಚಿತ ಮೂರ್ತಿಯನ್ನು ಕಂಡಾಗ ನಮ್ಮ ದೇಶದವನಿಗೆ ಆಗುವ ಸಂತೋಷವನ್ನು ಹೇಳಬೇಕಾಗಿಲ್ಲ.

ಹೊಳೆಗೆ 1970ರಲ್ಲಿ ಕಪ್ಚಗಾಯ್ ಎಂಬಲ್ಲಿ ಕಟ್ಟೆ ಹಾಕಿದರು. ಕಟ್ಟೆಯ ಹಿಂದೆ ಒಂದು ಚಿಕ್ಕ ಸಮುದ್ರವೇ ನಿಂತಿತು. ಮುಂದೆ ಸರೋವರದ ನೀರು ಹದಿನೈದಿಪ್ಪತ್ತು ವರ್ಷಗಳ ಕಾಲ ಇಳಿಯುತ್ತಲೇ ಹೋಯಿತು. ಬಕಾನಾಸ್ ಎಂಬ ಊರಿನ ಸುತ್ತ ಕಾಲುವೆ ತೋಡಿ ಭತ್ತ ಬೆಳೆದರು. ಮರಳುಗಾಡಿನ ಅಂಚಿನಲ್ಲಿ ಹಸುರು ಗದ್ದೆ! ಮನುಷ್ಯನು ಕೈಯಿಟ್ಟ ಕಡೆ ನೆಲದ ಮುಖ ಹೀಗೆ ಬದಲಾಗಿದೆ. ಆದರೆ ಗದ್ದೆಯ ಕೊನೆಯ ಬದುವನ್ನು ದಾಟಿದರೆ ಅದೇ ಪುರಾತನ ಮರಳು. ದಕ್ಷಿಣಕ್ಕೂ ಪಶ್ಚಿಮಕ್ಕೂ ಪೂರ್ವಕ್ಕೂ ಕಣ್ಣು ಹಾಯುವವರೆಗೆ ಅಲೆಯಲೆಯಾದ ದಿಣ್ಣೆಗಳು. ನಡುನಡುವೆ ಒಣಗಿ ಬಿರಿದ, ಜೇಡಿಮಣ್ಣಿನ, ಚಪ್ಪಡಿ ಹಾಸಿದಂತಿರುವ ಬಯಲು.

ಮರಳುಗಾಡೆಂದರೆ ನಮಗೆ ಸುಡುಬಿಸಿಲೊಂದೇ ನೆನಪಿಗೆ ಬರುವುದು. ಇದು ಹಾಗಲ್ಲ. ಬೇಸಗೆಯಲ್ಲಿ 40 ಡಿಗ್ರಿಗೆ ಏರುವ ಶಾಖವು ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ಇಪ್ಪತ್ತು ಡಿಗ್ರಿ ಕೆಳಕ್ಕೂ ಇಳಿಯುವುದು. ಮರಳಿನ ಮೇಲೆ ಹಿಮ ಹಾಸಿಕೊಂಡಿರುವುದು. ಹಿಮ ಕರಗಿದಾಗ ಆ ನೀರೇ ನೆಲದ ಪಾಲಿನ ಮುಂಗಾರು; ಕೆಲವೇ ವಾರಗಳಲ್ಲಿ ಹುಲ್ಲೂ ಕಾಡು ಟ್ಯೂಲಿಪ್ ಹೂವೂ ಎದ್ದು, ಅರಳಿ, ಬೀಜ ಕಟ್ಟಿ, ಬಿಸಿಲು ಬಲಿಯುವ ಮುನ್ನವೇ ಬಾಡಿಹೋಗುವುವು. ಬಳಿಕ ಉಳಿಯುವುದು ನಮ್ಮ ದವನದ ಕುಲಕ್ಕೆ ಸೇರಿದ, ಕಹಿವಾಸನೆಯ ಕುರುಚಲು ಗಿಡಗಳು. ಮತ್ತು ಸಕ್ಸಾವುಲ್ ಎಂಬ ಮರ. ಎಲೆಯೆಂಬುದು ಇಲ್ಲದ, ಗಂಟುಗಂಟಾಗಿ ತಿರುಚಿಕೊಂಡ, ನೀರಿನಲ್ಲಿ ಹಾಕಿದರೆ ಮುಳುಗುವಷ್ಟು ಭಾರವಾದ ಮರವದು. ಅದರ ಕೆಂಡ ಬಹಳ ಹೊತ್ತು ಆರದೆಂದು ಅಲ್ಲಿಯವರು ಹೊಗಳುವರು.

ಈ ನಾಡಿನ ಯಜಮಾನನನ್ನು ಕಾಣಲು ಹುಡುಕಬೇಕಾಗಿಲ್ಲ. ಒಂದು ದಿಣ್ಣೆಯ ಬಳಿ ಸದ್ದು ಮಾಡದೆ ಕುಳಿತರೆ, ಮೊದಲು ಒಂದು ಸಿಳ್ಳು ಕೇಳಿಸುವುದು. ನೋಡಿದರೆ, ಬಿಲದ ಬಾಯಿಯಲ್ಲಿ ಮರಳಿನದೇ ಬಣ್ಣದ, ಗೇಣುದ್ದದ ಪ್ರಾಣಿಯೊಂದು ಹಿಂಗಾಲುಗಳ ಮೇಲೆ ನಿಂತು, ಮುಂಗಾಲುಗಳನ್ನು ಎದೆಗೆ ಸೇರಿಸಿಕೊಂಡು, ನಮಗೆ ಕೈಮುಗಿಯುತ್ತಿರುವಂತೆ ಕಾಣುವುದು. ಬಾಲವೂ ಮೈಯಷ್ಟೇ ಉದ್ದ. ತುದಿಯಲ್ಲಿ ಕೂದಲಿನ ಕುಚ್ಚು. ಅಪಾಯವೆಂದು ತೋರಿದರೆ ಹಿಂಗಾಲಿನಿಂದ ನೆಲವನ್ನು ತಟತಟನೆ ಬಡಿದು ಬಳಗವನ್ನೆಲ್ಲ ಎಚ್ಚರಿಸಿ ಬಿಲದೊಳಗೆ ಮಾಯವಾಗುವುದು. ಇಂಗ್ಲೀಷಿನವರು ಇದನ್ನು ದೊಡ್ಡ ಜರ್ಬಿಲ್ ಎನ್ನುವರು. ಕಜಕರ ಮಾತಿನಲ್ಲಿ ಇದು ‘ಕುಮ್‌ತಿಶ್ಕಾನ್’. ಕುಮ್ ಎಂದರೆ ಮರಳು, ತಿಶ್ಕಾನ್ ಎಂದರೆ ಇಲಿ. ಆದುದರಿಂದ ನಾವೂ ಇದನ್ನು ಮರಳಿಲಿಯೆಂದೇ ಕರೆಯೋಣ.

ಮರಳಿಲಿಯು ಗೃಹಸ್ಥ. ಒಂದು ಗಂಡು, ಒಂದೋ ಎರಡೋ ಹೆಣ್ಣು, ಅವುಗಳ ಮರಿಗಳು ಕೂಡಿ ಒಂದು ಬಿಲದಲ್ಲಿ ಸಂಸಾರ ಮಾಡುವುವು. ಬಿಲವೆಂದರೆ ಒಂದು ತೂತಲ್ಲ. ಹತ್ತಾರು ಬಾಗಿಲುಗಳುಳ್ಳ, ಎರಡು ಮೂರು ಮೀಟರು ಆಳಕ್ಕೆ ಇಳಿಯುವ, ಕಣಜಗಳೂ ಮಲಗುವ ಕೋಣೆಗಳೂ ಇರುವ ತೊಟ್ಟಿಯ ಮನೆಯೆನ್ನಬೇಕು. ಹೊರಗೆ ಬೆಂಕಿಯಿರಲಿ ಹಿಮವಿರಲಿ, ಒಳಗೆ ಹದವಾದ ತಂಪೂ ಹದವಾದ ಬೆಚ್ಚನೆಯೂ ಇರುವುದು. ಅದು ಚಳಿಗಾಲದಲ್ಲಿ ನಿದ್ದೆ ಹೋಗುವ ಜಾತಿಯಲ್ಲ. ಬೇಸಗೆಯಲ್ಲಿ ಒಟ್ಟಿಕೊಂಡ ಕಡ್ಡಿ ಸೊಪ್ಪುಗಳನ್ನು ತಿಂದು ಕಾಲ ಕಳೆಯುವುದು. ಮನೆಯ ಸುತ್ತಣ ಗಿಡಗಳನ್ನೆಲ್ಲ ಕಡಿದು ತಿನ್ನುವುದರಿಂದ ಪ್ರತಿಯೊಂದು ಬಿಲದ ಮೇಲೂ ನೆಲವು ಬೋಳಾಗಿ ದುಂಡನೆಯ ಬಿಳಿಯ ಬಿಲ್ಲೆಯಂತೆ ಕಾಣುವುದು. ಆಕಾಶದಲ್ಲಿ ಸುತ್ತುವ ಉಪಗ್ರಹಗಳು ತೆಗೆದ ಚಿತ್ರಗಳಲ್ಲಿ ಈ ಬಿಲ್ಲೆಗಳು ಸಾಲುಸಾಲಾಗಿ ಕಾಣುತ್ತವೆ. ಅಪ್ಪ ಅಜ್ಜಂದಿರ ಕಾಲದ ಬಿಲಗಳು ಇವು. ಒಂದು ಸಂಸಾರ ಅಳಿದು ಮನೆ ಖಾಲಿಯಾದರೆ, ಅನುಕೂಲ ಕಾಲ ಬಂದಾಗ ಇನ್ನೊಂದು ಬಂದು ಒಕ್ಕಲಾಗುವುದು. ಎಷ್ಟು ಮನೆ ತುಂಬಿದೆ, ಎಷ್ಟು ಖಾಲಿಯಿದೆ ಎಂಬ ಈ ಲೆಕ್ಕವನ್ನು ವಾಚಕರು ನೆನಪಿಡಬೇಕು. ಪ್ಲೇಗಿನ ಗುಟ್ಟು ಇರುವುದು ಅಲ್ಲಿಯೇ.

ಬಿಲದಲ್ಲಿ ಬಾಡಿಗೆಯಿಲ್ಲದೆ ವಾಸಿಸುವವರೂ ಇದ್ದಾರೆ: ಹಾವು, ಹಲ್ಲಿ, ಮರಳುನೊಣ; ಎಲ್ಲಕ್ಕಿಂತ ಹೆಚ್ಚಾಗಿ ಚಿಗಟ. ಚಿಗಟವು ಬಿಲದ ಧೂಳಿನಲ್ಲಿ ಮೊಟ್ಟೆಯಿಟ್ಟು, ಮರಳಿಲಿಯ ರಕ್ತ ಕುಡಿದು ಬದುಕುವುದು. ಪ್ಲೇಗಿನ ಅಣುವು ಚಿಗಟದ ಹೊಟ್ಟೆಯನ್ನು ಸೇರಿದರೆ ಅಲ್ಲಿ ಬೆಳೆದು ಗಂಟಾಗಿ ಅನ್ನದ ದಾರಿಯನ್ನೇ ಮುಚ್ಚಿಬಿಡುವುದು. ಆಗ ಆ ಹುಳುವಿಗೆ ಎಷ್ಟು ಕುಡಿದರೂ ಹಸಿವು ತೀರದು. ಒಂದರ ಮೇಲೊಂದು ಪ್ರಾಣಿಯನ್ನು ಕಚ್ಚುತ್ತ, ಒಳಗಿಳಿಯದ ರಕ್ತವನ್ನು ಅಣುಗಳ ಸಮೇತ ಗಾಯದಲ್ಲಿಯೇ ಕಕ್ಕುವುದು. ಚಿಗಟದ ಈ ದುರವಸ್ಥೆಯನ್ನು 1914ರಲ್ಲಿ ಬೇಕಟ್ ಮತ್ತು ಮಾರ್ಟಿನ್ ಎಂಬಿಬ್ಬರು ವಿವರಿಸಿದರು. ಊರಿನ ಇಲಿಯಾದರೆ ಇದರಿಂದ ಸಾಯುವುದು. ಮರಳಿಲಿಗಳಲ್ಲಿಯಾದರೋ ಬಹಳಷ್ಟು ಸಾಯುವುದಿಲ್ಲ. ಅಲ್ಪ ಕಾಯಿಲೆಯನ್ನು ಅನುಭವಿಸಿ ಗುಣವಾಗುವುವು. ಹೀಗೆ ಬೆಂಕಿಯು ಬಣವೆಯಾಗಿ ಉರಿಯದೆ, ಬೂದಿ ಮುಚ್ಚಿದ ಕೆಂಡವಾಗಿ ಮನೆಯಿಂದ ಮನೆಗೆ ದಾಟುತ್ತ ಇರುವುದು.

ಸೋವಿಯತ್ ಸರಕಾರವು ಈ ಕೆಂಡವನ್ನು ಕಾಯುವುದಕ್ಕೆಂದು ಒಂದು ದೊಡ್ಡ ವ್ಯವಸ್ಥೆಯನ್ನು ಏರ್ಪಡಿಸಿತ್ತು. ಆಲ್ಮಾಟಿಯಲ್ಲಿ ಅದರ ಸಂಸ್ಥೆ. ಮರಳುಗಾಡಿನ ಅಂಚಿನಲ್ಲಿ ಠಾಣೆಗಳು. ನೆಲವನ್ನೆಲ್ಲ ಚದರಗಳಾಗಿ ಹಂಚಿಕೊಂಡು, ವಸಂತದಲ್ಲಿ ಒಂದು ಸಲ, ಶರತ್ಕಾಲದಲ್ಲಿ ಒಂದು ಸಲ, ಗುಡಾರ ಬೋನುಗಳೊಡನೆ ತಂಡಗಳು ಹೊರಡುತ್ತಿದ್ದುವು. ಬಿಲದ ಬಾಯಲ್ಲಿ ಹೊಸದಾಗಿ ಕೆದರಿದ ಮರಳು, ಹಸಿ ಹಿಕ್ಕೆ, ಆಗತಾನೆ ಕಡಿದ ಕಡ್ಡಿ ಇದ್ದರೆ ‘ಒಕ್ಕಲುಂಟು’ ಎಂದು ಬರೆಯುವುದು, ಇಲ್ಲದಿದ್ದರೆ ‘ಖಾಲಿ’. ಬೋನಿಗೆ ಬಿದ್ದ ಮರಳಿಲಿಯ ರೋಮವನ್ನು ಬಾಚಿ ಚಿಗಟಗಳನ್ನು ಎಣಿಸುವುದು; ರಕ್ತವನ್ನು ಪರೀಕ್ಷಿಸುವುದು. ಬೇಸರದ ಕೆಲಸ, ಪ್ರಾಣಕ್ಕೆ ಅಪಾಯದ ಕೆಲಸ ಕೂಡ. ಅದನ್ನು ಹೆಸರಿಲ್ಲದ ಎಷ್ಟೋ ಜನ ಸುಮಾರು ಐವತ್ತು ವರ್ಷ ಬಿಡದೆ ನಡೆಸಿದರು. ದೊಡ್ಡ ದೊಡ್ಡ ಯಂತ್ರಗಳನ್ನು ಹೊಗಳುವ ನಾವು ಇಂತಹ ದಫ್ತರಗಳನ್ನೂ ಸ್ವಲ್ಪ ಹೊಗಳಬೇಕೆಂದು ನನಗೆ ತೋರುತ್ತದೆ.

ಏಕೆಂದರೆ, ಆ ಹಳೆಯ ಕಡತಗಳನ್ನು ಮುಂದೆ ಕಜಕಿಸ್ತಾನದ ಮತ್ತು ಯೂರೋಪಿನ ವಿದ್ವಾಂಸರು ಕೂಡಿ ಗಣಿತದ ಒರೆಗಲ್ಲಿಗೆ ಹಚ್ಚಿದಾಗ ಅದುವರೆಗೆ ಯಾರಿಗೂ ಸ್ಪಷ್ಟವಾಗಿ ಕಾಣದಿದ್ದ ಸಂಗತಿಗಳು ಹೊರಬಿದ್ದುವು. 1955ರಿಂದ 1996ರವರೆಗಿನ ಲೆಕ್ಕವನ್ನು ಆಧರಿಸಿ 2004ರಲ್ಲಿ ಅವರು ಪ್ರಕಟಿಸಿದ್ದು ಇದು: ಒಕ್ಕಲಿರುವ ಬಿಲಗಳ ಪ್ರಮಾಣವು ಒಂದು ಮಿತಿಯನ್ನು ಮೀರಿದರೆ ಮಾತ್ರ ಪ್ಲೇಗು ಆ ಪ್ರದೇಶದಲ್ಲಿ ಹಬ್ಬುವುದು, ಮಿತಿಯ ಕೆಳಗೆ ಇಳಿದರೆ ಅಡಗುವುದು. ಮಿತಿ ಮೀರಿದೊಡನೆಯೇ ಅಲ್ಲ, ಸುಮಾರು ಎರಡು ವರ್ಷಗಳ ಬಳಿಕ. ಹುಲ್ಲುಮನೆಗಳ ಊರಿನಲ್ಲಿ ಬೆಂಕಿ ಬಿದ್ದುದನ್ನು ಊಹಿಸಿಕೊಳ್ಳಿರಿ. ಮನೆಗಳು ದೂರದೂರವಿದ್ದರೆ ಒಂದೆರಡು ಉರಿದು ನಿಲ್ಲುವುದು. ಒಂದಕ್ಕೊಂದು ತಾಗಿಕೊಂಡಿದ್ದರೆ ಈ ಕೇರಿಯ ಕಿಡಿ ಆ ಕೇರಿಯ ತುದಿಯವರೆಗೆ ಹೋಗುವುದು. ಮರಳಿಲಿಯು ತನ್ನ ಮನೆಯನ್ನು ಬಿಟ್ಟು ದೂರ ಹೋಗುವ ಪ್ರಾಣಿಯಲ್ಲ. ನೆರೆಮನೆ ತುಂಬಿದ್ದರೆ ಮಾತ್ರ ಚಿಗಟಕ್ಕೆ ಮುಂದಿನ ಮೆಟ್ಟಿಲು. ಅನಂತರ 2012ರಲ್ಲಿ ಈ ಮಾತಿಗೆ ಒಂದು ತಿದ್ದುಪಡಿ ಬಂದಿತು: ಮರಳಿಲಿಗಳ ಸಂಖ್ಯೆಯೊಂದೇ ಸಾಲದು, ಚಿಗಟಗಳ ಸಂಖ್ಯೆಯನ್ನೂ ಕೂಡಿಸಿ ನೋಡಬೇಕು, ಚಿಗಟ ಹೆಚ್ಚಿದ್ದರೆ ಮರಳಿಲಿ ಕಡಮೆಯಿದ್ದರೂ ರೋಗ ನಡೆಯಬಲ್ಲುದು.

ಹಾಗಾದರೆ ಮನೆ ತುಂಬುವುದೂ ಚಿಗಟ ಹೆಚ್ಚುವುದೂ ಯಾವುದರಿಂದ? ಇಲ್ಲಿ ನಾವು ಆಕಾಶದ ಕಡೆಗೆ ನೋಡಬೇಕು. ಚಳಿಗಾಲದಲ್ಲಿ ಚಿಗಟವು ಜಡವಾಗಿ ಬಿದ್ದಿರುವುದು. ಶಾಖವು ಸುಮಾರು 10 ಡಿಗ್ರಿಯನ್ನು ಮೀರಿದಾಗ ಅದು ಚುರುಕಾಗುವುದು. ವಸಂತವು ಬೇಗ ಬೆಚ್ಚಗಾದರೆ ಅದರ ವರ್ಷವು ಅಷ್ಟು ಬೇಗ ಆರಂಭವಾಯಿತು. ಬೇಸಗೆಯಲ್ಲಿ ಮಳೆ ಬಿದ್ದು ತೇವವಿದ್ದರೆ ಅದರ ಮರಿಹುಳುಗಳು ಒಣಗಿ ಸಾಯವು. ಅದೇ ಮಳೆಯಿಂದ ಸೊಪ್ಪು ಚಿಗುರಿ ಮರಳಿಲಿಗೂ ಸುಭಿಕ್ಷ. 1949ರಿಂದ 1995ರವರೆಗಿನ ಅಂಕಿಗಳನ್ನು ನೋಡಿ 2006ರಲ್ಲಿ ವಿದ್ವಾಂಸರು ಹೇಳಿದ ಮಾತು ಓದಿದವರನ್ನು ಬೆಚ್ಚಿಬೀಳಿಸುವಂತಹದು: ವಸಂತದ ಶಾಖವು ಒಂದೇ ಒಂದು ಡಿಗ್ರಿ ಏರಿದರೆ, ಮರಳಿಲಿಗಳಲ್ಲಿ ಪ್ಲೇಗಿನ ಪ್ರಮಾಣವು ನೂರಕ್ಕೆ ಐವತ್ತಕ್ಕಿಂತಲೂ ಹೆಚ್ಚಾಗಿ ಏರುವ ನಿರೀಕ್ಷೆಯಿದೆ. ಎಂದರೆ, ನೂರರಲ್ಲಿ ಎರಡಕ್ಕೆ ಸೋಂಕಿದ್ದ ಕಡೆ ಮೂರಕ್ಕೂ ಮಿಕ್ಕಿ ಸೋಂಕು. ಒಂದು ಡಿಗ್ರಿ! ಹೊದೆದ ಕಂಬಳಿಯನ್ನು ನಾವು ಸರಿಸುವುದಕ್ಕೂ ಸಾಲದ ವ್ಯತ್ಯಾಸ. ಇನ್ನೂ ಒಂದು ತೊಡಕುಂಟು. ಹವೆಯು ಒಂದು ದಿಣ್ಣೆಗೆ ಒಂದು, ಇನ್ನೊಂದಕ್ಕೆ ಇನ್ನೊಂದು ಎಂದು ಬರುವುದಿಲ್ಲ. ನೂರಾರು ಕಿಲೋಮೀಟರುಗಳ ನಾಡಿಗೆಲ್ಲ ಒಮ್ಮೆಗೇ ಬರುವುದು. ಆದುದರಿಂದ ಮರಳಿಲಿಗಳ ಸಂಖ್ಯೆಯು ಎಲ್ಲ ಕಡೆಯೂ ಒಟ್ಟಿಗೆ ಏರುವುದು, ಒಟ್ಟಿಗೆ ಇಳಿಯುವುದು; ರೋಗಕ್ಕೂ ಒಂದೇ ಸಲ ರಾಜಮಾರ್ಗ ತೆರೆದಂತಾಗುವುದು.

ಹಾಗೆಂದು ಭೂಮಿ ಬಿಸಿಯಾದಂತೆಲ್ಲ ಪ್ಲೇಗು ಹೆಚ್ಚಿಯೇ ಹೆಚ್ಚುವುದೆಂದು ಹೇಳಿದರೆ ಅದು ಅವಸರದ ಮಾತು. ವಸಂತವು ಬೆಚ್ಚಗಿರುವುದು ಬೇರೆ, ಬೇಸಗೆಯು ಕಾವಲಿಯಾಗುವುದು ಬೇರೆ. ಮಳೆಯಿಲ್ಲದ ಉರಿಬಿಸಿಲಿನಲ್ಲಿ ಸೊಪ್ಪು ಸುಟ್ಟು ಬಿಲಗಳು ಬರಿದಾದರೆ ಕೆಂಡವೂ ನಂದುವುದು. ಮರಳುಗಾಡು ಯಾವ ಕಡೆಗೆ ವಾಲುವುದೆಂಬುದು ಶಾಖ ತೇವಗಳು ಕೂಡುವ ರೀತಿಯನ್ನು ಅವಲಂಬಿಸಿದೆ. ಆ ಕೂಟವನ್ನೇ ಈಗ ಮನುಷ್ಯನು ಅರಿಯದೆ ಕಲಕುತ್ತಿರುವುದು.

ಈ ವಿಷಯವು ವಿದ್ವಾಂಸರ ಕುತೂಹಲಕ್ಕೆ ಮಾತ್ರ ಸೇರಿದ್ದಲ್ಲ ಎಂಬುದಕ್ಕೆ ಬಲ್ಖಾಷಿಗೆ ದಕ್ಷಿಣದಲ್ಲಿ, ಬೆಟ್ಟಗಳ ಆಚೆ, ಕಿರ್ಗಿಜ್ ದೇಶದ ಚೂ ನದಿಯ ಕಣಿವೆಯಲ್ಲಿ ಕಲ್ಲಿನ ಸಾಕ್ಷ್ಯವುಂಟು. ಅಲ್ಲಿ ಹಿಂದೆ ಇದ್ದ ಕ್ರೈಸ್ತ ವರ್ತಕರ ಊರುಗಳ ಸ್ಮಶಾನಗಳನ್ನು 19ನೆಯ ಶತಮಾನದ ಕೊನೆಯಲ್ಲಿ ಅಗೆದರು. ಸಿರಿಯಾಕ್ ಲಿಪಿಯಲ್ಲಿ ವರ್ಷ ಬರೆದ 467 ಸಮಾಧಿಯ ಕಲ್ಲುಗಳಲ್ಲಿ 118 ಕಲ್ಲುಗಳು 1338 ಮತ್ತು 1339 ಎಂಬ ಎರಡೇ ವರ್ಷಗಳವು. ಕೆಲವುಗಳ ಮೇಲೆ ‘ಮಾರಿಯಿಂದ ಸತ್ತನು’ ಎಂಬರ್ಥದ ಬರಹವಿದೆ. ಆ ಅಸ್ಥಿಗಳ ಹಲ್ಲುಗಳನ್ನು ಪರೀಕ್ಷಿಸಿ, ಮೂವರಲ್ಲಿ ಪ್ಲೇಗಿನ ಅಣುವಿನ ಗುರುತು ಸಿಕ್ಕಿತೆಂದು 2022ರಲ್ಲಿ ಪ್ರಕಟಿಸಿದರು. ಎಂಟೊಂಬತ್ತು ವರ್ಷಗಳ ಮೇಲೆ ಯೂರೋಪನ್ನು ಹೊಕ್ಕು ಅಲ್ಲಿಯ ಜನಸಂಖ್ಯೆಯ ದೊಡ್ಡ ಪಾಲನ್ನು ನುಂಗಿದ ‘ಕರಿಯ ಮಾರಿ’ಗೆ ಇದು ಮೂಲದ ಹತ್ತಿರದ ಕೊಂಡಿಯೆಂದು ಅವರ ಮತ. ಆ ಕಣಿವೆಯ ಜನಕ್ಕೆ ರೋಗವನ್ನು ಕೊಟ್ಟದ್ದು ಮರಳಿಲಿಯೇ ಎಂದು ಹೇಳುವಂತಿಲ್ಲ. ಬೆಟ್ಟದ ಮೇಲೆ ಬಿಲ ತೋಡುವ, ಬೆಕ್ಕಿಗಿಂತ ದಪ್ಪನಾದ ಮಾರ್ಮೊಟ್ ಎಂಬ ಪ್ರಾಣಿಯೂ ಇದೇ ಅಣುವನ್ನು ಸಾಕಿಕೊಂಡಿದೆ.

ಮರಳಿಲಿಗಳನ್ನೇ ಕೊಂದುಹಾಕಿದರೆ ಆಗದೇ ಎಂದು ಯಾರಾದರೂ ಕೇಳಬಹುದು. ಸೋವಿಯತ್ತಿನವರೂ ಹಾಗೆಯೇ ಎಣಿಸಿ ಪಾಷಾಣದ ಕಾಳನ್ನು ಚೆಲ್ಲಿದರು, ಬಿಲಗಳಿಗೆ ಡಿ.ಡಿ.ಟಿ. ಪುಡಿಯನ್ನು ಊದಿದರು. ಕೆಲವು ವರ್ಷ ಎಲ್ಲವೂ ಶಾಂತವಾಗಿರುತ್ತಿತ್ತು. ಬಳಿಕ ಸುತ್ತಣ ಮರಳಿನಿಂದ ಹೊಸ ಒಕ್ಕಲು ಬಂದು ಹಳೆಯ ಮನೆಗಳನ್ನು ತುಂಬುತ್ತಿದ್ದುವು. ಅವುಗಳ ಹಿಂದೆಯೇ ಚಿಗಟ. ಚಿಗಟದ ಹಿಂದೆಯೇ ಅಣು. ಅಷ್ಟು ವಿಸ್ತಾರವಾದ ನೆಲದ ಮೇಲೆ ವಿಷವನ್ನು ಚೆಲ್ಲುವುದಕ್ಕಿಂತ, ಮನೆ ತುಂಬಿದ ಲೆಕ್ಕವನ್ನು ನೋಡಿ ಎರಡು ವರ್ಷ ಮುಂಚೆಯೇ ಇಂತಹ ಚದರದಲ್ಲಿ ಅಪಾಯ ಬರುವುದೆಂದು ಅರಿತು, ಅಲ್ಲಿಯ ಕುರುಬರನ್ನು ಎಚ್ಚರಿಸುವುದು ಮೇಲೆಂದು ಈಗ ಬಲ್ಲವರ ಅಭಿಪ್ರಾಯ.

ಎಚ್ಚರಿಕೆ ಬೇಕಾದುದು ನಿಜವಾಗಿಯೂ ಕುರುಬರಿಗೇ. ಅಲ್ಲಿಯವರ ಎರಡು ಡುಬ್ಬದ ಒಂಟೆಗೂ ಚಿಗಟದ ಮೂಲಕ ಪ್ಲೇಗು ತಗಲುವುದುಂಟು. ಒಂಟೆ ಕಾಯಿಲೆ ಬಿದ್ದರೆ, ಅಷ್ಟು ಬೆಲೆಯ ಪ್ರಾಣಿಯನ್ನು ಸುಮ್ಮನೆ ಸಾಯಬಿಡಲು ಯಾವ ಸಂಸಾರಸ್ಥನ ಮನಸ್ಸು ಒಪ್ಪೀತು? ಉಸಿರಿರುವಾಗಲೇ ಕೊಯ್ದು ಮಾಂಸವನ್ನು ನೆಂಟರಿಷ್ಟರಿಗೆ ಹಂಚುವರು. ಕೊಯ್ದವನ ಬೆರಳಿನ ಗಾಯವೇ ರೋಗಕ್ಕೆ ಬಾಗಿಲು. ಮಧ್ಯ ಏಷ್ಯದಲ್ಲಿ ಮನುಷ್ಯರಿಗೆ ಪ್ಲೇಗು ಬಂದ ಸಂದರ್ಭಗಳಲ್ಲಿ ಹಲವು ಹೀಗೆ ಆದುವು. ನಮ್ಮ ಅಜ್ಜಂದಿರಿಗೆ ಇಲ್ಲದಿದ್ದ ಭಾಗ್ಯವೊಂದು ಇಂದು ಇದೆ: ಬೇಗನೆ ಗುರುತಿಸಿದರೆ ಸ್ಟ್ರೆಪ್ಟೊಮೈಸಿನ್ ಮೊದಲಾದ ಔಷಧಗಳಿಂದ ರೋಗಿಯು ಬದುಕುವನು. ಆದರೆ ಆಸ್ಪತ್ರೆಯಿಂದ ನೂರು ಕಿಲೋಮೀಟರು ದೂರದ ಗುಡಾರದಲ್ಲಿ ‘ಬೇಗನೆ’ ಎಂಬ ಮಾತಿಗೆ ಅರ್ಥವೇ ಬೇರೆ.

ನಮ್ಮಲ್ಲಿಯೂ ಮರಳಿಲಿಯ ದಾಯಾದಿಯೊಂದುಂಟು. ಹೊಲದ ಬದುಗಳಲ್ಲಿ ಬಿಲ ತೋಡುವ ಭಾರತದ ಜರ್ಬಿಲ್ ಅದು. ಕರ್ನಾಟಕ, ಆಂಧ್ರ, ತಮಿಳುನಾಡುಗಳ ಗಡಿಗಳು ಕೂಡುವ ಕೋಲಾರದ ಕಡೆಯಲ್ಲಿ ಪ್ಲೇಗು ಈ ಹೊಲದ ದಂಶಕಗಳಲ್ಲಿ ಅಡಗಿದೆಯೆಂದು ಸರಕಾರದವರು ಬಹಳ ಕಾಲದಿಂದ ಅವುಗಳನ್ನು ಹಿಡಿದು ರಕ್ತ ಪರೀಕ್ಷೆ ಮಾಡುತ್ತ ಬಂದಿದ್ದಾರೆ. 1966ರಲ್ಲಿ ಮುಳಬಾಗಿಲಿನ ಸೀಮೆಯಲ್ಲಿ ಮನುಷ್ಯರಿಗೆ ಪ್ಲೇಗು ಬಂದುದಾದ ಮೇಲೆ ದೇಶದಲ್ಲಿ ಆ ಹೆಸರೇ ಮರೆಯುವಂತಾಗಿದ್ದಿತು. 1994ರಲ್ಲಿ ಅದು ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿಯೂ ಸೂರತ್ತಿನಲ್ಲಿಯೂ ತಲೆದೋರಿತು. ಅದಕ್ಕೆ ಹಿಂದಿನ ವರ್ಷ ಲಾತೂರಿನ ಭೂಕಂಪದಲ್ಲಿ ಜನ ಮನೆ ಬಿಟ್ಟು ಹೋದಾಗ ಉಳಿದ ಧಾನ್ಯವನ್ನು ತಿಂದು ಇಲಿಗಳು ಬೆಳೆದುವು, ಅವುಗಳಿಗೆ ಕಾಡಿನ ರೋಗ ತಗಲಿತು ಎಂದು ಅನೇಕರು ಊಹಿಸಿದರು. ಒಂದು ಕಡೆ ವಸಂತದ ಶಾಖ, ಇನ್ನೊಂದು ಕಡೆ ಭೂಮಿಯ ನಡುಕ. ಅಲ್ಲಿಯೂ ಇಲ್ಲಿಯೂ ಮಾತು ತುಂಬಿದ ಬಿಲದ್ದೇ.

1991ರಲ್ಲಿ ಸೋವಿಯತ್ ಒಕ್ಕೂಟವು ಒಡೆದಾಗ ಬಲ್ಖಾಷಿನ ತಂಡಗಳಿಗೆ ಹಣ ಬತ್ತಿತು. ಎಣಿಕೆಯ ಚದರಗಳಲ್ಲಿ ಹಲವು ಬಿಟ್ಟುಹೋದುವು. ಕೆಲಸ ಮಾತ್ರ ನಿಲ್ಲಲಿಲ್ಲ. ಕಜಕಿಸ್ತಾನದ ಪ್ಲೇಗಿನ ಠಾಣೆಗಳವರು ಇಂದಿಗೂ ಹಿಮ ಕರಗಿದ ಮೇಲೆ ಬೋನುಗಳನ್ನು ಹೇರಿಕೊಂಡು ಮರಳಿಗೆ ಇಳಿಯುವರು. ದಿಣ್ಣೆಯ ಮೇಲೆ ಸಿಳ್ಳು ಕೇಳುವುದು. ನೆಲವನ್ನು ತಟತಟನೆ ಬಡಿಯುವ ಸದ್ದು ಮನೆಯಿಂದ ಮನೆಗೆ ಹೋಗುವುದು. ಮಂಡಿಯೂರಿ ಕುಳಿತವನೊಬ್ಬನು ಬಿಲದ ಬಾಯಿಯ ಮರಳನ್ನು ಮುಟ್ಟಿ ನೋಡಿ, ಪುಸ್ತಕದಲ್ಲಿ ಒಂದು ಗುರುತು ಹಾಕಿ, ಮುಂದಿನ ಬಿಲಕ್ಕೆ ನಡೆಯುವನು.